ಶಾಂಪೂ ಬಾಟಲಿಯೊಳಗಿನ ಗೋರಿಕಾಯಿ

ತಿಂಗಳ ಕೊನೆಗೆ ನಮ್ಮ ಮನೆಯ ಶಾಂಪೂ ಬಾಟಲಿ ತಲೆಕೆಳಗಾಗಿ ನಿಲ್ಲುತ್ತದೆ. ಅದರಿಂದಲೂ ಏನೂ ಇಳಿಯದಿದ್ದರೆ ಒಂದಿಷ್ಟು ನೀರು ಬಿಟ್ಟು ಕುಲುಕುವುದು. ಹಾಗೆ ಕುಲುಕುತ್ತಾ ಮೊನ್ನೆ ಬಾಟಲಿಯ ಬೆನ್ನಿನ ಚೀಟಿ ಓದಿದೆ. ಸೋಡಿಯಂ ಲಾರೆತ್ ಸಲ್ಫೇಟ್, ಅದು ನೊರೆಯ ಸರಕು. ಸೋಡಿಯಂ ಕ್ಲೋರೈಡ್, ಅಂದರೆ ಸಾಕ್ಷಾತ್ ಉಪ್ಪು. ಕೆಳಗೆ ಒಂದೇ ಉಸಿರಿಗೆ ಹೇಳಲಾಗದ ಹೆಸರು: ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್. ಗ್ವಾರ್ ಬೇರೆ ಯಾರೂ ಅಲ್ಲ, ನಮ್ಮ ಗೋರಿಕಾಯಿ. ಉತ್ತರ ಕರ್ನಾಟಕದವರ ಚವಳಿಕಾಯಿ. ಅದರ ಬೀಜದ ಅಂಟಿಗೆ ಪ್ಲಸ್ ಚಾರ್ಜ್ ಕೂಡಿಸಿ ಈ ಉದ್ದ ಹೆಸರು ಇಟ್ಟಿದ್ದಾರೆ.

ಉಪ್ಪು ಯಾಕೆ? ಶಾಂಪೂ ದಪ್ಪಗಾಗಲಿ ಅಂತ. ನೊರೆಯ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳು ಒಳಗೆ ಅಡಗಿ, ತಲೆಗಳು ಹೊರಗೆ ನಿಂತು ಉಂಡೆ ಕಟ್ಟುತ್ತವೆ. ತಲೆಗಳೆಲ್ಲ ಮೈನಸ್, ಹಾಗಾಗಿ ಒಂದನ್ನೊಂದು ದೂಡುತ್ತಿರುತ್ತವೆ. ಉಪ್ಪು ಬಿದ್ದರೆ ಈ ದೂಡಾಟ ತಗ್ಗಿ ಒತ್ತೊತ್ತಾಗಿ ಕೂರುತ್ತವೆ. ಉಂಡೆ ಉದ್ದವಾಗಿ ಶಾವಿಗೆಯಾಗುತ್ತದೆ. ಶಾವಿಗೆಗಳು ಸಿಕ್ಕುಬಿದ್ದರೆ ಶಾಂಪೂ ಗಟ್ಟಿ. ನಾವೋ, ಗಟ್ಟಿ ಇದ್ದರೆ ಒಳ್ಳೇ ಮಾಲು ಅಂದುಕೊಳ್ಳುತ್ತೇವೆ!

ಗೋರಿಕಾಯಿಯ ಕಥೆ ಇನ್ನೂ ಚೆಂದ. ಕೂದಲಿನ ಮೈ ಮಂಗಳೂರು ಹೆಂಚಿನ ಮಾಡಿನಂತೆ, ಒಂದರ ಮೇಲೊಂದು ಪದರ. ತೀರಾ ಹುಳಿಯಾದ ನೀರೊಂದನ್ನು ಹೊರತುಪಡಿಸಿ, ಅಂದರೆ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4ರ ಮೇಲಿರುವ ನೀರಿನಲ್ಲೆಲ್ಲ, ಆ ಮೈ ಮೈನಸ್. ಅಂಟು ಪ್ಲಸ್. ಕಂಡ ಕೂಡಲೇ ಅಂಟಿಕೊಳ್ಳಬೇಕು, ಅಲ್ವಾ? ಆದರೆ ಬಾಟಲಿಯಲ್ಲಿ ಮೈನಸ್ಸಿನ ನೊರೆ ಅಣುಗಳು ಅದನ್ನು ಮೊದಲೇ ಮುತ್ತಿಕೊಂಡಿರುತ್ತವೆ. ನೆಂಟರ ನಡುವೆ ಸಿಕ್ಕಿಬಿದ್ದ ಮದುಮಗಳಂತೆ ಅದು ಅಲ್ಲೇ ಕೂತಿರುತ್ತದೆ. ತಲೆಗೆ ನೀರು ಸುರಿದಾಗ ನೊರೆ ತೆಳುವಾಗುತ್ತದೆ, ಗುಂಪು ಕರಗುತ್ತದೆ. ಆಗ ಅಂಟು, ಉಳಿದ ಒಂದಷ್ಟು ನೊರೆಯ ಅಣುಗಳನ್ನು ಕಟ್ಟಿಕೊಂಡು, ನೀರಿನಿಂದ ಬೇರೆಯಾಗಿ ಕೂದಲ ಮೇಲೆ ಇಳಿಯುತ್ತದೆ. ಸವೆದ ತುದಿಗಳಲ್ಲಿ ಮೈನಸ್ ಜಾಸ್ತಿ, ಅಲ್ಲಿ ಅಂಟೂ ಜಾಸ್ತಿ. ಎಲ್ಲವನ್ನೂ ತೊಳೆದುಬಿಟ್ಟೆ ಅಂತ ನಾನು ಅಂದುಕೊಳ್ಳುವ ಹೊತ್ತಿಗೇ ಗೋರಿಕಾಯಿ ಬಳಿದುಕೊಂಡಿರುತ್ತೇನೆ.

ಅಜ್ಜಿ ಸೀಗೆಪುಡಿಗೆ ದಾಸವಾಳದ ಸೊಪ್ಪು ಕಿವುಚಿ ಹಾಕುತ್ತಿದ್ದಳು. ಸೀಗೆಯ ನೊರೆ ಅದರೊಳಗೇ ಇರುವ ಸಪೋನಿನ್ ಎಂಬ ವಸ್ತುವಿನದು. ಸೊಪ್ಪಿನ ಲೋಳೆಯೂ ಗೋರಿಕಾಯಿ ಅಂಟಿನ ಹಾಗೆ ಸಕ್ಕರೆಗಳ ಉದ್ದ ಸರಪಳಿಯೇ. ಉಪ್ಪು ಮಾತ್ರ ಅವಳು ಹಾಕುತ್ತಿರಲಿಲ್ಲ. ಈಗ ಲವಣ ಬೋರ್‌ವೆಲ್ಲಿಂದಲೇ ಬರುತ್ತದೆ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕಟ್ಟಿಸುತ್ತವೆ. ಸೀಗೆ ಆ ತಂಟೆಗೆ ಹೋಗುವುದಿಲ್ಲ.

ಇಷ್ಟು ತಿಳಿದ ಮೇಲೆ ಸುಮ್ನೆ ಕೂರಲಾದೀತೇ? ನೀರು ಬೆರೆಸಿದ ಶಾಂಪೂಗೆ ಚಿಟಿಕೆ ಉಪ್ಪು ಹಾಕಿ ಅಲ್ಲಾಡಿಸಿದೆ. ಗಟ್ಟಿಯಾಯಿತು! ಖುಷಿಗೆ ಒಂದು ಚಮಚ ಸುರಿದೆ. ಮತ್ತೆ ನೀರಾಯಿತು. ಮಿತಿ ದಾಟಿದರೆ ಶಾವಿಗೆಯ ಸಿಕ್ಕೂ ಸಡಿಲವಾಗುತ್ತದೆ.

ಹೆಂಡತಿ ಬಾಟಲಿ ಎತ್ತಿ ನೋಡಿ, "ಹುಳಿಗೂ ಹೀಗೇ ಉಪ್ಪು ಸುರೀತೀರಲ್ಲ" ಅಂದಳು.