ಪವಿತ್ರ ಗುರುವಾರದ ಬೋಗುಣಿ, ಚರ್ಚ್ ಹಿಂದಿನ ಪಿಟ್ಟು

ಪವಿತ್ರ ಗುರುವಾರ ಸಂಜೆ ಪಾದ ತೊಳೆಸಿಕೊಳ್ಳಲು ಆಯ್ಕೆಯಾದ ಹನ್ನೆರಡು ಜನ ಮನೆಯಲ್ಲೇ ಸೋಪು ಹಾಕಿ ಕಾಲು ಉಜ್ಜಿಕೊಂಡು ಬಂದಿರುತ್ತಾರೆ. ಉಗುರು ಕತ್ತರಿಸಿರುತ್ತದೆ, ಕೆಲವರ ಸಾಕ್ಸ್ ಕೂಡ ಹೊಸದು. ಫಾದರ್ ಒಂದು ತಂಬಿಗೆ ನೀರು ಹುಯ್ದು, ಇಸ್ತ್ರಿ ಮಾಡಿದ ಟವೆಲ್ಲಿನಲ್ಲಿ ಒರೆಸಿ, ಮುಂದಿನ ಕಾಲಿಗೆ ಹೋಗುತ್ತಾರೆ. ಕೊನೆಗೆ ಬೋಗುಣಿ ನೋಡಿ, ನೀರು ತಿಳಿಯಾಗೇ ಇರುತ್ತದೆ. ಯೇಸು ಶಿಷ್ಯರ ಕಾಲು ತೊಳೆದ ಯೋಹಾನ 13ರ ಬೋಗುಣಿಯಲ್ಲಿ ನೀರು ತಿಳಿಯಾಗಿ ಉಳಿದಿರಲಾರದು. ಕತ್ತೆ, ಕುರಿ ಓಡಾಡುವ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆದು ಬಂದ ಕಾಲುಗಳು ಅವು. ಅವನ್ನು ತೊಳೆಯುವುದು ಮನೆಯಾಳಿನ ಕೆಲಸ. ಪೇತ್ರ ಬೇಡವೇ ಬೇಡ ಅಂದದ್ದು ಅದಕ್ಕೇ.

ಆ ಬೋಗುಣಿ ಇಟ್ಟ ಜಾಗದಿಂದ ಐವತ್ತು ಹೆಜ್ಜೆ ಹಿಂದಕ್ಕೆ ಹೋದರೆ, ಸಭಾಭವನದ ಶೌಚಾಲಯದ ಪಕ್ಕ, ಪಿಟ್ಟಿನ, ಅಂದರೆ ಸೆಪ್ಟಿಕ್ ಟ್ಯಾಂಕಿನ, ಒಂದು ಕಾಂಕ್ರೀಟ್ ಮುಚ್ಚಳ ಸಿಗುತ್ತದೆ. ಕಾಂಪೌಂಡಿನೊಳಗೆ ಶಾಲೆ, ಹಾಸ್ಟೆಲ್, ಆಸ್ಪತ್ರೆ ಇದ್ದರೆ ಇಂಥ ಮುಚ್ಚಳ ನಾಲ್ಕೈದು ಇರುತ್ತವೆ. ಶಿಷ್ಯತ್ವ, ಸಾಮಾಜಿಕ ನ್ಯಾಯ ಅಂತ ವಿಚಾರ ಸಂಕಿರಣ ನಡೆಸುವ ನಮ್ಮ ಸಭೆಗಳಿಗೆ ನನ್ನದು ಒಂದೇ ಪ್ರಶ್ನೆ. ಆ ಮುಚ್ಚಳ ಕೊನೆಯ ಸಲ ತೆರೆದಾಗ ಒಳಗೆ ಇಳಿದದ್ದು ಪೈಪೋ, ಮನುಷ್ಯನೋ? ಇದಕ್ಕೆ ಉತ್ತರ ಗೊತ್ತಿಲ್ಲದೆ, ನ್ಯಾಯಕ್ಕಾಗಿ ಕೂಗಿದ ಪ್ರವಾದಿ ಆಮೋಸನ ಮೇಲೆ ಪ್ರಸಂಗ ಮಾಡಿ ಪ್ರಯೋಜನವಿಲ್ಲ.

ಕರ್ನಾಟಕದ ಕ್ರೈಸ್ತರು ಇದು ನಮಗೆ ಸಂಬಂಧಿಸಿದ್ದಲ್ಲ ಅನ್ನುವಂತೆಯೂ ಇಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುವ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೆಜಿಎಫ್‌ನಲ್ಲಿ, ತೋಟಿ ಸಮುದಾಯದ ಕ್ರೈಸ್ತ ಮನೆಯಲ್ಲಿ. ಚಿನ್ನದ ಗಣಿಯ ಊರಿನಲ್ಲಿ ಒಣ ಪಾಯಖಾನೆಗಳು ಇನ್ನೂ ಇದ್ದ ಕಾಲ. ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿದ್ದಾಗ, 1970ರ ದಶಕದಲ್ಲೇ, ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿಯಾಗಿತ್ತು. ಕಾಗದದ ಮೇಲಿನ ನಿಷೇಧ ಬಕೆಟ್ಟಿನವರೆಗೆ ತಲುಪಿರಲಿಲ್ಲ ಅಷ್ಟೇ. ವಿಲ್ಸನ್ ಮತ್ತು ಸಂಗಡಿಗರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಹೊಸ ಕಾಯಿದೆ ಬಂತು, 2014ರ ಮಾರ್ಚ್ 27ರಂದು ತೀರ್ಪು ಬಂತು. ನಡುವೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದೂ ನೆನಪಿರಲಿ.

ಈಗ ಪಿಟ್ಟಿನ ವಿಷಯಕ್ಕೆ ಬರೋಣ. ಸ್ವಲ್ಪ ವಿವರವಾಗೇ ಹೇಳುತ್ತೇನೆ, ಏಕೆಂದರೆ ನಮ್ಮ ಕಮಿಟಿಗಳಲ್ಲಿ ಬಹಳ ಮಂದಿಗೆ ಇದು ನಿಜಕ್ಕೂ ಗೊತ್ತಿಲ್ಲ, ಗೊತ್ತಿಲ್ಲದೇ ಇರುವುದು ಅನುಕೂಲವೂ ಹೌದು.

ಸೆಪ್ಟಿಕ್ ಟ್ಯಾಂಕಿನಲ್ಲಿ ಮೇಲೆ ಕೆನೆಗಟ್ಟಿದ ಜಿಡ್ಡು, ನಡುವೆ ನೀರು, ತಳದಲ್ಲಿ ಕೆಸರು. ಕೆಸರು ಕೊಳೆಯುವಾಗ ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಅಂದರೆ ಕೊಳೆತ ಮೊಟ್ಟೆಯ ನಾತ. ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ದಾಟಿದ ಮೇಲೆ ಮೂಗು ಸತ್ತುಹೋಗುತ್ತದೆ, ನಾತವೇ ತಿಳಿಯುವುದಿಲ್ಲ. 'ವಾಸನೆ ಹೋಯ್ತು, ಗ್ಯಾಸ್ ಹೋಯ್ತು' ಅಂತ ಇಳಿಯುವವನು ಆ ಹೊತ್ತಿಗೇ ಸಾಯುವ ಮಟ್ಟದ ಹತ್ತಿರ ಇರುತ್ತಾನೆ. 700–1000 ಪಿಪಿಎಂ ಮುಟ್ಟಿದರೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ. ಇನ್ನು ಆಮ್ಲಜನಕ. ಹೊರಗಿನ ಗಾಳಿಯಲ್ಲಿ 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಇಳಿದ ಜಾಗಕ್ಕೆ ಯಾರೂ ಹೋಗಬಾರದು.

ಮುಚ್ಚಳ ತೆಗೆದು ಒಂದು ಗಂಟೆ ಬಿಟ್ಟರೆ ಸಾಕು ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಸಾಲದು. ಗ್ಯಾಸು ಕೆಸರಿನ ಒಳಗೇ ಸಿಕ್ಕಿಕೊಂಡಿರುತ್ತದೆ. ಇಳಿದವನು ಸನಿಕೆಯಿಂದ ಒಮ್ಮೆ ಕಲಕಿದ ಕೂಡಲೇ ಅದು ಅವನ ಮುಖಕ್ಕೇ ಏಳುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವ ಹಳೇ ಪದ್ಧತಿ ಇನ್ನೂ ಕೆಟ್ಟದ್ದು: ಮೀಥೇನ್ ಇದ್ದರೆ ಹೊತ್ತಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ಪ್ರಾಣ ತೆಗೆಯುವಷ್ಟಿದ್ದರೂ ದೀಪ ಆರಾಮಾಗಿ ಉರಿಯುತ್ತಲೇ ಇರುತ್ತದೆ. ಕೋವಿಡ್ ಕಾಲದ ಬಟ್ಟೆ ಮಾಸ್ಕು ಈ ಗಾಳಿಗೆ ಏನೂ ಮಾಡದು. ಒಬ್ಬ ಬಿದ್ದರೆ ಅಣ್ಣನನ್ನೋ ಮಗನನ್ನೋ ಎತ್ತಲು ಎರಡನೆಯವನು ಹಾರುತ್ತಾನೆ, ಅವನೂ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಎರಡು ಮೂರು ಹೆಣ ಸಿಗುವುದು ಹೀಗೆ.

'ನಾವು ಲಾರೀನೇ ಕರೆಸೋದು' ಅನ್ನುವ ಕಮಿಟಿಯವರೂ ಇಲ್ಲಿ ಸ್ವಲ್ಪ ನಿಲ್ಲಿ. ಪೈಪಿನಿಂದ ಕೆಸರು ಹೀರುವ ಆ ಲಾರಿ ಬಂದ ಮೇಲೂ ಮನುಷ್ಯ ಇಳಿಯುವ ಸಂದರ್ಭಗಳಿವೆ, ಅವು ಯಾವುವೆಂದು ಮೊದಲೇ ಊಹಿಸಬಹುದು. ಹತ್ತು ವರ್ಷ ಟ್ಯಾಂಕ್ ಮುಟ್ಟದೇ ಬಿಟ್ಟರೆ ತಳದ ಕೆಸರು ಗಟ್ಟಿಯಾಗಿ ಪೈಪು ಎಳೆಯುವುದಿಲ್ಲ. ಆಗ 'ಒಬ್ಬ ಇಳಿದು ಕಲಸಿಕೊಡ್ಲಿ' ಅಂತಾರೆ. ಎರಡನೆಯದು ಲೆಕ್ಕ. ಮೂರು ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಆಳದ ಟ್ಯಾಂಕು ಅಂದರೆ 6,750 ಲೀಟರ್. ಬಂದ ಲಾರಿ 4,000 ಲೀಟರಿನದಾದರೆ ಎರಡು ಟ್ರಿಪ್ ಬೇಕು. ಒಂದೇ ಟ್ರಿಪ್ಪಿಗೆ ದುಡ್ಡು ಮಾತಾಡಿರುತ್ತಾರೆ, ಮೇಲಿನ ನೀರು ಎಳೆದುಕೊಂಡು ಹೋಗುತ್ತಾರೆ, ಕೆಸರು ಅಲ್ಲೇ ಕೂರುತ್ತದೆ. ಮೂರನೆಯದು ಹಾಸ್ಟೆಲ್ಲಿನ ಛೇಂಬರ್. ಪ್ಯಾಡ್, ಬಟ್ಟೆ, ಶಾಂಪೂ ಪೌಚು ಕಟ್ಟಿಕೊಂಡು ನಿಂತಾಗ ಕೈ ಹಾಕಿ ತೆಗೆಯಲು ಒಬ್ಬನಿಗೆ ಹೇಳಿಕಳುಹಿಸುತ್ತಾರೆ. ಪ್ರತಿ ಶೌಚಾಲಯದಲ್ಲಿ ಮುಚ್ಚಳವಿರುವ ಒಂದು ಡಬ್ಬಿ ಇಟ್ಟಿದ್ದರೆ ಆ ಅರ್ಧ ಕೆಲಸವೇ ಇರುತ್ತಿರಲಿಲ್ಲ. ಹಾಸ್ಟೆಲ್ ವಾರ್ಡನ್ ಸಿಸ್ಟರ್‌ಗಳು ಇದನ್ನು ಓದುತ್ತಿದ್ದರೆ, ನಿಮ್ಮ ಶಿಷ್ಯತ್ವ ಆ ಡಬ್ಬಿಯಿಂದ ಶುರುವಾಗುತ್ತದೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಹಾಗಾದರೆ ಮಾಡಬೇಕಾದ್ದೇನು? ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸಿ, ಅದನ್ನು ಬಜೆಟ್ಟಿನಲ್ಲಿ ಬರೆಯಿರಿ. ಯಾವಾಗ ಬೇಕೆಂದು ತಿಳಿಯಲು ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ, ಮುಖವನ್ನು ಟ್ಯಾಂಕಿನ ಬಾಯಿಯ ಮೇಲೆ ಬಗ್ಗಿಸದೆ ನಿಂತು, ತಳ ಮುಟ್ಟಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಕಪ್ಪು ಕೆಸರು ಎಷ್ಟು ಎತ್ತರಕ್ಕೆ ಅಂಟಿದೆ ಎಂದು ಬಟ್ಟೆ ತೋರಿಸುತ್ತದೆ. ಆಳದ ಮೂರನೇ ಒಂದು ಭಾಗಕ್ಕೆ ಬಂದಿದ್ದರೆ ಲಾರಿ ಕರೆಸುವ ಕಾಲ. ಗಟ್ಟಿಯಾಗಿದ್ದರೆ ಮೇಲಿನಿಂದಲೇ ಜೆಟ್ಟಿಂಗ್ ಮಷಿನ್ನಿನ ಒತ್ತಡದ ನೀರು ಬಿಟ್ಟು ಸಡಿಲ ಮಾಡಿ ಮತ್ತೆ ಎಳೆಸಬೇಕು. ಎರಡು ದಿನ ಹಿಡಿದರೆ ಹಿಡಿಯಲಿ. ಲಾರಿ ಗೇಟಿನೊಳಗೆ ಬರದಷ್ಟು ಸಂದಿಯಾದರೆ, ಟ್ಯಾಂಕಿನಿಂದ ಗೇಟಿನವರೆಗೆ ನಾಲ್ಕು ಇಂಚಿನ ಪೈಪು ಶಾಶ್ವತವಾಗಿ ಹಾಕಿ ಬಾಯಿಗೆ ಕ್ಯಾಪ್ ಕೂರಿಸಿ. ಒಂದು ಗಂಟೆಗೋಪುರಕ್ಕೆ ಬಣ್ಣ ಹೊಡೆಸುವ ಖರ್ಚೂ ಬರುವುದಿಲ್ಲ. ಲಾರಿಯವನು ಎಲ್ಲಿ ಸುರಿಯುತ್ತಾನೆ ಅಂತಲೂ ಕೇಳಿ. ದೇವನಹಳ್ಳಿಯಲ್ಲಿರುವಂಥ ಮಲತ್ಯಾಜ್ಯ ಸಂಸ್ಕರಣಾ ಘಟಕಕ್ಕೋ, ಯಾರದೋ ಕೆರೆಗೋ?

ಕಾಯಿದೆ ಏನನ್ನುತ್ತದೆ ಎಂಬುದೂ ಕಮಿಟಿಯ ಖಜಾಂಚಿಗೆ ಗೊತ್ತಿರಬೇಕು. 2013ರ ಕಾಯಿದೆಯ 7ನೇ ಸೆಕ್ಷನ್ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ಹಚ್ಚಬಾರದು ಅನ್ನುತ್ತದೆ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, 5 ಲಕ್ಷದವರೆಗೆ. ಜಾಮೀನುರಹಿತ. ಸಂಸ್ಥೆ ತಪ್ಪು ಮಾಡಿದರೆ ಅದರ ಹೊಣೆ ಹೊತ್ತವರೂ ಸಿಕ್ಕಿಕೊಳ್ಳುತ್ತಾರೆ, ವ್ಯಕ್ತಿಗಳು ಕೂಡಿ ಕಟ್ಟಿದ ಸಂಘವೂ ಆ ವ್ಯಾಖ್ಯೆಯೊಳಗೆ ಬರುತ್ತದೆ. 'ಗುತ್ತಿಗೆದಾರನಿಗೆ ಕೊಟ್ಟಿದ್ವಿ' ಅನ್ನುವ ಮಾತಿನ ಹಿಂದೆ ಅಡಗಲಾಗದು. ಮೋಶೆಯ ಧರ್ಮಶಾಸ್ತ್ರ ಇದನ್ನು ಬಹಳ ಹಿಂದೆಯೇ ಹೇಳಿದೆ. ವಿಮೋಚನಕಾಂಡ 21ರಲ್ಲಿ, ಗುಂಡಿ ತೆಗೆದು ಮುಚ್ಚದೇ ಬಿಟ್ಟು ಎತ್ತೋ ಕತ್ತೆಯೋ ಬಿದ್ದು ಸತ್ತರೆ ಗುಂಡಿಯ ಒಡೆಯನೇ ಬೆಲೆ ತೆರಬೇಕು. ಅದು ಎತ್ತಿನ ವಿಷಯದಲ್ಲಿ!

ಆದರೂ ಸಾವು ನಡೆದೇಬಿಟ್ಟರೆ? ಸಭೆಗಳು ಅತಿ ಹೆಚ್ಚು ಎಡವುವುದು ಇಲ್ಲಿ, ಅದೂ ಒಳ್ಳೆಯ ಮನಸ್ಸಿನಿಂದ. ಸತ್ತವನ ಕುಟುಂಬ ಸಭೆಯದೇ ಆಗಿರುತ್ತದೆ, ಗುಂಡಿಯ ಮಾಲೀಕನೂ ಕೆಲವೊಮ್ಮೆ ಅದೇ ಸಭೆಯವನು. ಅಯ್ಯನವರನ್ನೋ ಫಾದರನ್ನೋ ಮಧ್ಯೆ ಕೂರಿಸಿ ರಾಜಿ ಮಾಡಿಸುತ್ತಾರೆ. ಛಾಪಾ ಕಾಗದ ಬರುತ್ತದೆ, ಕವರಿನಲ್ಲಿ ಒಂದಿಷ್ಟು ದುಡ್ಡು, ಹೆಂಡತಿಯ ಹೆಬ್ಬೆಟ್ಟು, ಕೊನೆಗೊಂದು ಪ್ರಾರ್ಥನೆ. ಯೆರೆಮೀಯ ಬೈದದ್ದು ಇದನ್ನೇ, ಸಮಾಧಾನವಿಲ್ಲದ ಕಡೆ ಸಮಾಧಾನ ಎಂದು ಸಾರುವವರನ್ನು. 2014ರ ತೀರ್ಪಿನಲ್ಲಿ ಇಂಥ ಸಾವಿಗೆ 10 ಲಕ್ಷ ಪರಿಹಾರ ಎಂದಿತ್ತು. 2023ರ ಅಕ್ಟೋಬರ್ 20ರ ತೀರ್ಪು ಅದನ್ನು 30 ಲಕ್ಷಕ್ಕೆ ಏರಿಸಿದೆ. ಬದುಕುಳಿದು ಅಂಗವಿಕಲರಾದರೆ ಕನಿಷ್ಠ 10 ಲಕ್ಷ, ಮತ್ತೆ ದುಡಿಯಲಾಗದಂಥ ಶಾಶ್ವತ ಅಂಗವೈಕಲ್ಯವಾದರೆ ಕನಿಷ್ಠ 20 ಲಕ್ಷ. ಇದನ್ನು ತಿಳಿದೂ ಒಂದು ಲಕ್ಷಕ್ಕೆ ಸಹಿ ಹಾಕಿಸಿದ ಬೋಧಕರು ಆ ವಿಧವೆಯಿಂದ 29 ಲಕ್ಷ ಕಿತ್ತುಕೊಂಡ ಹಾಗಾಯಿತು. ಸುವಾರ್ತೆಯ ಸುಂಕದವನಾದ ಜಕ್ಕಾಯ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ಈ ಲೆಕ್ಕ ಬೇಕಾದರೆ ಮಾಡಿ ನೋಡಿ.

ರಾಜಿಯ ಬದಲು ಬೋಧಕರು ಹೋಗಬೇಕಾದ್ದು ಪೊಲೀಸ್ ಠಾಣೆಗೆ. ಅಲ್ಲಿ ಮೊದಲು ನಡೆಯುವ ಎಡವಟ್ಟು ಯುಡಿಆರ್. ಅಸಹಜ ಸಾವು ಎಂದಷ್ಟೇ ದಾಖಲಿಸಿ ಕೈತೊಳೆದುಕೊಳ್ಳುತ್ತಾರೆ. ಅದು ಸಾಲದು, 2013ರ ಕಾಯಿದೆಯ 7 ಮತ್ತು 9ನೇ ಸೆಕ್ಷನ್, ಜೊತೆಗೆ ನಿರ್ಲಕ್ಷ್ಯದಿಂದ ಸಾವು ಎಂಬ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106 ಹಾಕಿ ಎಫ್‌ಐಆರ್ ಮಾಡಿ ಅಂತ ಪಟ್ಟು ಹಿಡಿಯಬೇಕು. ದೂರಿನಲ್ಲಿ ಕರೆದವರು ಯಾರು, ಯಾರ ಫೋನಿನಿಂದ, ಎಷ್ಟು ಕೂಲಿಗೆ, ಏನೇನು ಸಲಕರಣೆ ಕೊಟ್ಟಿದ್ದರು, ಎಲ್ಲವೂ ಬರಬೇಕು. ಗುಂಡಿಯ ಫೋಟೋ ಅದೇ ದಿನ ತೆಗೆದಿಡಿ, ಮರುದಿನ ಅದಕ್ಕೆ ಸಿಮೆಂಟು ಬಿದ್ದಿರುತ್ತದೆ. ಮರಣೋತ್ತರ ಪರೀಕ್ಷೆ ಆಗದೆ ಹೆಣ ಹೂಳಬೇಡಿ.

ಮತ್ತೊಂದು ತೊಡಕು ನಮ್ಮವರಿಗೇ ವಿಶೇಷ. ಪರಿಶಿಷ್ಟರನ್ನು ಈ ಕೆಲಸಕ್ಕೆ ಹಚ್ಚುವುದು ದೌರ್ಜನ್ಯ ತಡೆ ಕಾಯಿದೆಯ 3(1)(ಜೆ) ಪ್ರಕಾರವೂ ಅಪರಾಧ. ಆದರೆ 1950ರ ಪರಿಶಿಷ್ಟ ಜಾತಿ ಆದೇಶದ 3ನೇ ಪ್ಯಾರಾ ಹಿಂದೂಗಳನ್ನು, 1956ರಿಂದ ಸಿಖ್ಖರನ್ನು, 1990ರಿಂದ ಬೌದ್ಧರನ್ನು ಮಾತ್ರ ಪರಿಶಿಷ್ಟರೆಂದು ಒಪ್ಪುತ್ತದೆ. ಕ್ರೈಸ್ತನಾದ ಪೌರಕಾರ್ಮಿಕ ಗುಂಡಿಗೆ ಇಳಿಯುವುದು ಜಾತಿಯ ಕಾರಣಕ್ಕೆ, ಸತ್ತ ಮೇಲೆ ಕಾನೂನಿನ ಕಣ್ಣಿಗೆ ಅವನಿಗೆ ಆ ಜಾತಿ ಇಲ್ಲ. ಈ ಅನ್ಯಾಯದ ವಿರುದ್ಧ ವರ್ಷಕ್ಕೊಮ್ಮೆ ಕರಾಳ ದಿನ ಆಚರಿಸುತ್ತೇವೆ, ಸರಿ. ಅಷ್ಟರಲ್ಲಿ ಗಮನಿಸಬೇಕಾದ್ದು, 2013ರ ಕಾಯಿದೆಯೂ 30 ಲಕ್ಷದ ಪರಿಹಾರವೂ ಸತ್ತವನ ಮತ ಕೇಳುವುದಿಲ್ಲ. 'ನೀವು ಕ್ರಿಶ್ಚಿಯನ್ಸ್, ಏನೂ ಬರಲ್ಲ' ಅಂತ ಯಾವ ಅಧಿಕಾರಿ ಹೇಳಿದರೂ ನಂಬಿ ಎದ್ದು ಬರಬೇಡಿ.

ಸತ್ತವರು ಕ್ರೈಸ್ತರಲ್ಲದಿದ್ದರೆ ಇನ್ನೊಂದು ಎಚ್ಚರ ಬೇಕು. ಆ ಮನೆಗೆ ಸುವಾರ್ತೆಯ ಕರಪತ್ರ ಒಯ್ಯಬೇಡಿ. ನೆರವು ನೇರ ಬ್ಯಾಂಕ್ ಖಾತೆಗೆ ಹೋಗಲಿ, ಮುಂದಾಳತ್ವ ಪೌರಕಾರ್ಮಿಕರ ಸಂಘದ್ದಿರಲಿ, ಸಭೆ ಹಿಂದಿನ ಬೆಂಚಿನಲ್ಲಿ ಕೂರಲಿ. ಮತಾಂತರದ ಆರೋಪ ಬಂದರೆ ಕೇಸು ಅಲ್ಲಿಗೇ ದಿಕ್ಕು ತಪ್ಪುತ್ತದೆ. ಆ ಆರೋಪದ ಭಯ ಇರದಿದ್ದರೂ, ಹೆಣದ ಮುಂದೆ ಕರಪತ್ರ ಹಂಚುವುದು ಅಸಹ್ಯವೇ.

ಯೆರೆಮೀಯನ 38ನೇ ಅಧ್ಯಾಯ ನಮ್ಮ ಭಾನುವಾರದ ಪ್ರಸಂಗಗಳಲ್ಲಿ ಅಪರೂಪ. ಪ್ರವಾದಿಯನ್ನು ಬಾವಿಗೆ ಇಳಿಸಿರುತ್ತಾರೆ. ನೀರಿಲ್ಲ, ಕೆಸರು ಮಾತ್ರ, ಅದರಲ್ಲಿ ಅವನು ಹೂತುಹೋಗುತ್ತಿರುತ್ತಾನೆ. ಎಬೆದ್ಮೆಲೆಕ ಎಂಬ ಕೂಷ್ಯ, ಅರಮನೆಯ ಪರದೇಶಿ ನೌಕರ, ರಾಜನ ಮುಂದೆ ನಿಂತು ಇದು ಅನ್ಯಾಯ ಅಂತ ನೇರವಾಗಿ ಹೇಳಿ ಅಪ್ಪಣೆ ಪಡೆಯುತ್ತಾನೆ. ಮೂವತ್ತು ಜನರನ್ನು ಕರೆದುಕೊಂಡು ಹೋಗುತ್ತಾನೆ. ಹೋಗುವ ಮೊದಲು ಉಗ್ರಾಣಕ್ಕೆ ನುಗ್ಗಿ ಹಳೇ ಬಟ್ಟೆಯ ಚಿಂದಿ ಹುಡುಕುತ್ತಾನೆ. ಹಗ್ಗ ಕಂಕುಳಿಗೆ ಒತ್ತದಿರಲೆಂದು ಆ ಚಿಂದಿಗಳನ್ನು ಇಳಿಬಿಟ್ಟು, ಕಂಕುಳ ಕೆಳಗೆ ಇಟ್ಟುಕೋ ಅಂತ ಮೇಲಿನಿಂದ ಕೂಗಿ ಹೇಳುತ್ತಾನೆ. ಆಮೇಲೆ ಎಲ್ಲರೂ ಸೇರಿ ಎಳೆಯುತ್ತಾರೆ. ಕೆಳಗೆ ಒಬ್ಬರೂ ಇಳಿಯುವುದಿಲ್ಲ. ಅಪ್ಪಣೆ, ಜನ, ಹಗ್ಗ, ಚಿಂದಿ, ಎಲ್ಲ ಸಿದ್ಧ ಮಾಡಿಕೊಂಡು ಮೇಲೆ ನಿಂತು ಎತ್ತಿದ. ಯಾರಾದರೂ ಗುಂಡಿಯಲ್ಲಿ ಬಿದ್ದಾಗ ನಾವೂ ಹೀಗೇ ಮಾಡಬೇಕು: ಹಾರಬಾರದು, 112ಕ್ಕೋ ಅಗ್ನಿಶಾಮಕದ 101ಕ್ಕೋ ಕರೆ ಮಾಡಿ, ಹಗ್ಗ ಇಳಿಬಿಟ್ಟು, ಉಸಿರಾಟದ ಉಪಕರಣ ಇರುವವರು ಬರುವವರೆಗೆ ಉಳಿದವರನ್ನು ಅಂಚಿನಿಂದ ದೂರ ಹಿಡಿದಿಡಬೇಕು.

ಈ ಭಾನುವಾರ ಆರಾಧನೆ ಮುಗಿದು ಕಾಫಿ ಕೊಡುವಾಗ ನಿಮ್ಮ ಕಮಿಟಿಯ ಕಾರ್ಯದರ್ಶಿಯವರನ್ನು ಪಕ್ಕಕ್ಕೆ ಕರೆದು ಕೇಳಿ: ನಮ್ಮ ಕಾಂಪೌಂಡಿನಲ್ಲಿ ಪಿಟ್ಟು ಎಷ್ಟಿವೆ, ಕೊನೆಗೆ ತೆಗೆಸಿದ್ದು ಯಾವ ವರ್ಷ, ಲಾರಿಯ ರಸೀದಿ ಎಲ್ಲಿ, ಎಷ್ಟು ಟ್ರಿಪ್? ರಸೀದಿ ಇಲ್ಲದೆ ವೋಚರಿನಲ್ಲಿ 'ಕ್ಲೀನಿಂಗ್, ಇಬ್ಬರು ಆಳು' ಅಂತ ಮಾತ್ರ ಬರೆದಿದ್ದರೆ, ಆ ಇಬ್ಬರು ಯಾರು, ಯಾವ ಕೇರಿಯವರು, ಈಗ ಹೇಗಿದ್ದಾರೆ ಅಂತಲೂ ಕೇಳಿ.