ಮೋಡದೊಳಗೆ ಯಾರೂ ಬೇಕಂತ ನುಗ್ಗುವುದಿಲ್ಲ

ಸಣ್ಣ ವಿಮಾನ ಬಿದ್ದ ಸುದ್ದಿ ಬಂದರೆ ಸಾಕು, ಜನ ಕೇಳುವುದು ಒಂದೇ ಮಾತು. 'ಹವಾಮಾನ ಕೆಟ್ಟಿದೆ ಅಂತ ಗೊತ್ತಿದ್ದೂ ಯಾಕೆ ಒಳಗೆ ಹೋದ? ಬುದ್ಧಿ ಬೇಡ್ವಾ?' ನಾನೂ ಹಾಗೇ ಅಂದುಕೊಂಡಿದ್ದೆ. ಒಂದಷ್ಟು ತನಿಖಾ ವರದಿ ಓದಿದ ಮೇಲೆ ಆ ಪ್ರಶ್ನೆಯೇ ಸರಿಯಿಲ್ಲ ಅನ್ನಿಸಿದೆ.

ಮೋಡ ಯಾವಾಗಲೂ ಗೋಡೆ ಥರ ಎದುರಿಗೆ ಬಂದು ನಿಲ್ಲುವುದಿಲ್ಲ. ಹೊರಟಾಗ ದೂರದ ಗುಡ್ಡ ಚೆನ್ನಾಗೇ ಕಾಣುತ್ತಿರುತ್ತದೆ. ಹತ್ತು ನಿಮಿಷಕ್ಕೆ ಅದರ ತುದಿ ಮಾಯ. ಸರಿ, ಸ್ವಲ್ಪ ಕೆಳಗಿಳಿದರಾಯ್ತು. ಇನ್ನೈದು ನಿಮಿಷಕ್ಕೆ ಕೆಳಗಿನ ರಸ್ತೆಯೂ ಮಸುಕು. ಇಷ್ಟು ದೂರ ಬಂದಾಯ್ತಲ್ಲ, ಇನ್ನೇನು ಸ್ವಲ್ಪ. ಹಿಂದೆ ಕೂತವರು ಬೇರೆ ವಾಚ್ ನೋಡುತ್ತಿದ್ದಾರೆ. ಆಮೇಲೆ ಕಿಟಕಿ ತುಂಬ ಬರೀ ಬಿಳಿ.

ಕಣ್ಣನ್ನೇ ನಂಬಿ ಹಾರಿಸುವ ಪೈಲಟ್‌ಗೆ ಅಲ್ಲಿಂದಾಚೆ ಮೋಸ ಮಾಡುವುದು ಅವನದೇ ಕಿವಿ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ಕೊಳವೆಗಳಿವೆ. ನಾವು ತಿರುಗಲು ಶುರು ಮಾಡಿದರೆ ಅವು ಹೇಳುತ್ತವೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸುಮಾರು 20 ಸೆಕೆಂಡಿಗೆ ಸುಮ್ಮನಾಗುತ್ತವೆ. ನಂಬಿಕೆ ಬರದಿದ್ದರೆ ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಯಾರಿಗಾದರೂ ಮೆಲ್ಲಗೆ ತಿರುಗಿಸಲು ಹೇಳಿ. ಸ್ವಲ್ಪ ಹೊತ್ತಿಗೆ ನಿಂತೇ ಹೋಯ್ತು ಅನ್ನಿಸುತ್ತದೆ. ನಿಜವಾಗಿ ನಿಲ್ಲಿಸಿದಾಗ ಉಲ್ಟಾ ತಿರುಗಿದ ಹಾಗಾಗುತ್ತದೆ!

ವಿಮಾನದಲ್ಲೂ ಇದೇ ಕಥೆ. ರೆಕ್ಕೆ ವಾಲಿರುತ್ತದೆ, ಮೈಗೆ ಮಾತ್ರ ನೆಟ್ಟಗಿದ್ದ ಹಾಗೇ. ಮೂತಿ ಕೆಳಗಾಗುತ್ತದೆ, ಗಾಳಿಯ ಸದ್ದು ಜೋರಾಗುತ್ತದೆ. ಎತ್ತರ ಕಮ್ಮಿಯಾಗ್ತಿದೆ ಅಂತ ಅವನು ಸ್ಟಿಯರಿಂಗನ್ನು ತನ್ನ ಕಡೆಗೆ ಎಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಅದು ಸುತ್ತುವ ಸುತ್ತು ಇನ್ನೂ ಬಿಗಿಯಾಗುತ್ತದೆ, ಇಳಿಯುವುದು ನಿಲ್ಲುವುದಿಲ್ಲ.

2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕ್ಯಾಲಬಾಸಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಇದ್ದ ಹೆಲಿಕಾಪ್ಟರ್ ಮೋಡದೊಳಗೆ ಸಿಕ್ಕಿ ಬಿದ್ದು 9 ಜನ ಸತ್ತರು. 4,000 ಅಡಿಗೆ ಏರುತ್ತಿದ್ದೇನೆ ಅಂತ ಪೈಲಟ್ ನೆಲದ ಮೇಲಿನ ವಿಮಾನ ಸಂಚಾರ ಕಂಟ್ರೋಲರ್‌ಗೆ ಹೇಳಿದಾಗ ಹೆಲಿಕಾಪ್ಟರ್ ಇಳಿಯುತ್ತಿತ್ತು. ಸುಳ್ಳು ಹೇಳಿದ್ದಲ್ಲ ಪಾಪ, ಅವರಿಗೆ ಏರಿದ ಹಾಗೇ ಅನ್ನಿಸಿರಬೇಕು. ಅವರು ಹೊಸಬರೂ ಅಲ್ಲ. ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿ ಹಾರಿಸುವ ಅರ್ಹತೆ, ಅಂದರೆ ರೇಟಿಂಗ್ ಕೂಡ ಇತ್ತು. ಹೇಗಾದರೂ ತಲುಪಿಸಬೇಕು ಅನ್ನುವ ಒತ್ತಡವನ್ನು ಅವರು ತಾವೇ ಹೇರಿಕೊಂಡಿದ್ದರು ಅಂತ ತನಿಖೆ ಹೇಳಿತು. ಈ ಒತ್ತಡದಲ್ಲಿ ನಮ್ಮ ಪಾಲೂ ಇದೆ ಅಂತ ನನಗನ್ನಿಸುತ್ತದೆ. ಪೈಲಟ್ 'ಇವತ್ತು ಬೇಡ' ಅಂದರೆ ಮುಖ ಸಿಂಡರಿಸುವವರು ನಾವೇ ಅಲ್ವಾ?

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಒಂದು ಪ್ರಯೋಗ 1954ರಲ್ಲಿ ಪ್ರಕಟವಾಯಿತು. ಉಪಕರಣ ನೋಡಿ ಹಾರಿಸಲು ಬಾರದ 20 ಜನ ಹಾರಿಸುವಾಗ ಹೊರಗಿನದು ಕಾಣದ ಹಾಗೆ ಮರೆಮಾಡಿದರು. 20 ಜನರೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಈ ಸಂಖ್ಯೆಯನ್ನು ಎಲ್ಲರೂ ಹೇಳಿ ಹೆದರಿಸುತ್ತಾರೆ. ಪ್ರಯೋಗದ ಇನ್ನೊಂದು ಅರ್ಧ ಹೇಳುವವರು ಕಮ್ಮಿ. ಅದೇ ಜನಕ್ಕೆ ಒಂದಷ್ಟು ತರಬೇತಿ ಕೊಟ್ಟರು. ಚಕ್ರ ಇಳಿಸು, ವೇಗ ತಗ್ಗಿಸು, ಬರೀ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ತುಳಿದು ಮೆಲ್ಲಗೆ ಬಂದ ದಾರಿಗೇ ತಿರುಗು. ಈ ಸಲ ಹೆಚ್ಚುಕಮ್ಮಿ ಎಲ್ಲರೂ ಸಲೀಸಾಗಿ ವಾಪಸ್ ತಿರುಗಿದರು.

ಅದರಲ್ಲಿ ನನಗೆ ಇಷ್ಟವಾದ ಪಾಠ ಒಂದಿದೆ: ಸ್ಟಿಯರಿಂಗ್‌ನಿಂದ ಕೈ ತೆಗೆ. ಕೈ ಅಲ್ಲೇ ಇದ್ದರೆ ಅದು ಕಿವಿಯ ಮಾತೇ ಕೇಳುತ್ತದೆ.