ಮರಗಳು ತಾತ್ಕಾಲಿಕ ರಜೆಯಲ್ಲಿವೆ

ಕಾಡಿನ ಕಾಲುದಾರಿ ಶುರುವಾಗುವಲ್ಲಿ ಒಂದೇ ಕಂಬಕ್ಕೆ ಎರಡು ಫಲಕಗಳಿದ್ದವು. ಮೇಲಿನದು ಹೇಳುತ್ತಿತ್ತು: ಹೂವು ಕೀಳಬೇಡಿ, ಎಲೆ ಹರಿಯಬೇಡಿ, ಗದ್ದಲ ಮಾಡಬೇಡಿ, ದಾರಿ ಬಿಟ್ಟು ಕದಲಬೇಡಿ. ಕೆಳಗಿನದರಲ್ಲಿ ಒಂದೇ ಸಾಲು: ಮುಂದೆ ಮರ ಕಟಾವು ನಡೆಯುತ್ತಿದೆ. ಎರಡನ್ನೂ ಒಬ್ಬನೇ ಮನುಷ್ಯ ಒಂದೇ ಸುತ್ತಿಗೆಯಿಂದ ಹೊಡೆದಿರಬೇಕು. ಮೊಳೆಗಳೆಲ್ಲ ನೆಟ್ಟಗೆ ಕೂತಿದ್ದವು. ಕೈ ನಡುಗಿದ ಲಕ್ಷಣ ಎಲ್ಲೂ ಇರಲಿಲ್ಲ.

ನಾನು ಹೇಳಿದ ಮಾತು ಕೇಳುವ ಜಾತಿಯ ಚಾರಣಿಗ. ಕೆಮ್ಮು ಬಂದರೂ ಕರವಸ್ತ್ರ ಅಡ್ಡ ಹಿಡಿದೆ, ಹಕ್ಕಿಗಳ ಸಂಸಾರಕ್ಕೆ ತೊಂದರೆಯಾಗಬಾರದಲ್ಲ. ಅಷ್ಟರಲ್ಲಿ ಗುಡ್ಡದಾಚೆ ಯಂತ್ರಗರಗಸ ಎಚ್ಚರವಾಯಿತು. ಅದರ ಸದ್ದು 100 ಡೆಸಿಬೆಲ್ ದಾಟುತ್ತದೆ, ಹಿಡಿದವನು ಕಿವಿ ಮುಚ್ಚಿಕೊಂಡೇ ಕೆಲಸ ಮಾಡಬೇಕು. ಹಕ್ಕಿಗಳಿಗೆ ಆ ಸೌಲಭ್ಯವಿಲ್ಲ. ನಾನಂತೂ ಉಳಿದ ಕೆಮ್ಮನ್ನು ನಿಶ್ಚಿಂತೆಯಿಂದ ಕೆಮ್ಮಿ ಮುಗಿಸಿದೆ.

ಸ್ವಲ್ಪ ಮುಂದೆ ಒಂದು ಮರಕ್ಕೆ ಮೂರನೆಯ ಫಲಕ, ಸಾಸಿವೆ ಗಾತ್ರದ ಅಕ್ಷರಗಳಲ್ಲಿ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಓದಿದೆ: ಕೆಲಸದ ಜಾಗದಿಂದ 60 ಮೀಟರ್ ದೂರವಿರಿ. ನಿಯಮದಲ್ಲಿ ತಪ್ಪೇನಿಲ್ಲ. ಮರ ಬೀಳಿಸುವಲ್ಲಿಂದ ಕನಿಷ್ಠ ಎರಡು ಮರದುದ್ದ ದೂರ ನಿಲ್ಲಬೇಕೆಂಬುದು ಈ ವೃತ್ತಿಯಲ್ಲಿ ಗಟ್ಟಿಯಾಗಿ ನಿಂತಿರುವ ಮಾತು. 30 ಮೀಟರಿನ ಮರಕ್ಕೆ 60 ಮೀಟರ್ ಸರಿಯಾದ ಲೆಕ್ಕ. ಬೀಳುವ ಮರ ಒಂಟಿಯಾಗಿ ಬೀಳುವುದಿಲ್ಲ, ನೆರೆಮರದ ಕೊಂಬೆಗಳನ್ನೂ ಜೊತೆಗೆ ಕರೆತರುತ್ತದೆ. ಮುರಿದ ಕೆಲವು ಕೊಂಬೆಗಳು ನೆತ್ತಿಯಲ್ಲೇ ಸಿಕ್ಕಿಕೊಂಡು, ಯಾವಾಗಲೋ ಗಾಳಿ ಬೀಸಿದಾಗ ಇಳಿಯುತ್ತವೆ. ಇಂಗ್ಲಿಷ್ ಮಾತಾಡುವ ಮರಕಡುಕರು ಅಂಥ ಕೊಂಬೆಯನ್ನು 'ವಿಧವೆ ಮಾಡುವುದು' ಎಂದೇ ಕರೆಯುತ್ತಾರೆ. ಗರಗಸದ ಸರಪಳಿ ತುಂಡಾದರೆ ಅದರ ತುಣುಕು ಗುಂಡಿನಂತೆ ಹಾರಿಬರುತ್ತದೆ.

ತೊಂದರೆಯೆಂದರೆ, ಫಲಕವಿದ್ದ ಮರವೇ ಆ 60 ಮೀಟರಿನೊಳಗಿತ್ತು. ಓದಿದವನು ಆಗಲೇ ನಿಯಮ ಮುರಿದಿರುತ್ತಾನೆ. ಮುರಿಯದವನಿಗೆ ನಿಯಮವೇ ಗೊತ್ತಿರುವುದಿಲ್ಲ. ದಾರಿಯೂ ಅಲ್ಲೇ ಹಾಯುತ್ತದೆ, ಆದರೆ ದಾರಿ ಬಿಡಬಾರದು ಎಂದು ಮೊದಲ ಫಲಕ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಉಳಿದದ್ದು ಮೇಲಕ್ಕೆ ಹೋಗುವುದು. ಅದರ ವ್ಯವಸ್ಥೆಯನ್ನು ಕೊಂಬೆಗಳು ನೋಡಿಕೊಳ್ಳುತ್ತವೆ.

ಇಷ್ಟಾದರೂ ದಾರಿಯ ಎರಡೂ ಬದಿಯಲ್ಲಿ ಮರಗಳಿದ್ದವು, ನೆರಳಿತ್ತು. ಸುಮ್ಮನೆ ಗೊಣಗುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು. ಜಲಬಾಧೆಗೆಂದು ಮರೆ ಹುಡುಕಿ ನಾಲ್ಕು ಹೆಜ್ಜೆ ಒಳಗೆ ಹೋದೆ. (ಹೌದು, ದಾರಿ ಬಿಟ್ಟೆ. ದೇಹಕ್ಕೆ ಫಲಕ ಓದಲು ಬರುವುದಿಲ್ಲ.) ನಾಲ್ಕನೆಯ ಹೆಜ್ಜೆಗೆ ಕಾಡು ಮುಗಿಯಿತು. ಎದುರಿಗೆ ಮೋಟು ಬುಡಗಳ ಬಯಲು, ಬಯಲಿನ ನಡುವೆ ಯಂತ್ರ, ಯಂತ್ರದ ಗಾಜಿನ ಕೋಣೆಯೊಳಗೆ ಚಾಲಕ. ಆತ ಸೌಜನ್ಯದಿಂದ ಮುಖ ತಿರುಗಿಸಿದ.

ನೋಡುವವರ ಕಣ್ಣಿಗೆ ಪರದೆಯಾಗುವಂತೆ ಅಂಚಿನಲ್ಲೊಂದಿಷ್ಟು ಮರ ಉಳಿಸಿ ಹಿಂದಿನದನ್ನೆಲ್ಲ ಬೋಳಿಸುವುದಕ್ಕೆ ಅಮೆರಿಕದಲ್ಲಿ 'ಸೌಂದರ್ಯದ ಪಟ್ಟಿ' ಎಂಬ ಹೆಸರಿದೆ. ನನಗೆ ಈ ವಿದ್ಯೆ ಹೊಸದಲ್ಲ. ಕಿವಿಯ ಮೇಲಿನ ಕೂದಲನ್ನು ಉದ್ದ ಬಿಟ್ಟು, ನೆತ್ತಿಯ ಸಂಗತಿ ಮುಚ್ಚಿಡುವ ಕೆಲಸವನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ.

ಆ ಬಯಲನ್ನು ಬಯಲು ಎಂದದ್ದು ಮಾತ್ರ ನನ್ನ ತಪ್ಪು. ಅದು ಕಾಡೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ 0.5 ಹೆಕ್ಟೇರಿಗಿಂತ ಹೆಚ್ಚು ನೆಲ, 5 ಮೀಟರಿಗಿಂತ ಎತ್ತರದ ಮರ, ಶೇಕಡಾ 10ಕ್ಕಿಂತ ಹೆಚ್ಚು ಭಾಗಕ್ಕೆ ಎಲೆಕೊಂಬೆಗಳ ಹಂದರ ಇದ್ದರೆ ಕಾಡು. ಮರಗಳು ಅಷ್ಟೆತ್ತರ ಇರಬೇಕೆಂದೇನೂ ಇಲ್ಲ, ಮುಂದೆ ಬೆಳೆಯಬಲ್ಲವಾದರೂ ಆಯಿತು. ನಿರ್ವಹಣೆಯ ಭಾಗವಾಗಿ ಪೂರ್ತಿ ಕಡಿದು ಹಾಕಿದ ನೆಲವೂ, 5 ವರ್ಷದೊಳಗೆ ಮತ್ತೆ ಬೆಳೆಯುವ ನಿರೀಕ್ಷೆಯಿದ್ದರೆ, ಕಾಡಿನ ಲೆಕ್ಕದಲ್ಲೇ ಇರುತ್ತದೆ. ಸದ್ಯಕ್ಕೆ ಮರಗಳಿಲ್ಲ, ಅಷ್ಟೆ. ಈ ಅಳತೆಯಲ್ಲಿ ನನ್ನ ತಲೆಯೂ ದಟ್ಟವಾದ ಕೇಶಪ್ರದೇಶ. ನಿರೀಕ್ಷೆಗೇನು ಕೊರತೆ?

ಮರ ಕಡಿಯುವುದೇ ಪಾಪ ಎಂದು ನಾನು ಹೇಳುವುದಿಲ್ಲ. ಇದನ್ನು ಬರೆಯುತ್ತಿರುವ ಮೇಜು ಮರದ್ದು, ನನ್ನ ಊರುಗೋಲೂ ಮರದ್ದು. ಕಡಿದರೆ ಕಡಿದೆವು ಎನ್ನಿ. ನನ್ನ ಬೆರಳಿನಿಂದ ಒಂದು ಎಲೆಯನ್ನು ಕಾಪಾಡಲು ಅಷ್ಟುದ್ದದ ಫಲಕ ಬರೆಸಿದವರು, ಆ ಎಲೆಯಿದ್ದ ಮರದ ವಿಷಯಕ್ಕೆ ಬಂದಾಗ ಒಂದೇ ಸಾಲಿಗೆ ಮುಗಿಸಿದರಲ್ಲ, ಆ ಮಿತವ್ಯಯ ನನಗೆ ಅರ್ಥವಾಗಲಿಲ್ಲ.

ಯಂತ್ರವಂತೂ ನೋಡಬೇಕಾದದ್ದೇ. ಮರವನ್ನು ಅಪ್ಪಿ, ಬುಡ ಕೊಯ್ದು, ಕೊಂಬೆ ಸವರಿ, ಅಳತೆಗೆ ತುಂಡರಿಸಿ ಮಲಗಿಸಲು ಅದಕ್ಕೆ ಒಂದು ನಿಮಿಷವೂ ಬೇಡ. ನಾನು ಬೂಟಿನ ಲೇಸು ಕಟ್ಟಿಕೊಂಡು ಏಳುವಷ್ಟರಲ್ಲಿ ಎರಡು ಮರಗಳ ಜಾತಕ ಮುಗಿದಿತ್ತು.

ಮರಳಿ ದಾರಿಗೆ ಬಂದೆ. ಚಾರಣಿಗರು ದಾರಿ ತಪ್ಪದಿರಲೆಂದು ಕಾಂಡಗಳಿಗೆ ಬಣ್ಣದ ಪಟ್ಟೆ ಬಳಿದಿರುತ್ತಾರೆ. ಕಡಿಯಬೇಕಾದ ಮರಕ್ಕೂ ಬಳಿಯುವುದು ಬಣ್ಣವನ್ನೇ. ಕೆಲವು ಕಡೆ ಬಣ್ಣವೆಂದರೆ ಕಡಿ, ಇನ್ನು ಕೆಲವು ಕಡೆ ಉಳಿಸು. ನಾನು ಭಕ್ತಿಯಿಂದ ಪಟ್ಟೆಯಿಂದ ಪಟ್ಟೆಗೆ ನಡೆದು ದಿಮ್ಮಿಗಳ ರಾಶಿಯ ಮುಂದೆ ನಿಂತೆ. ಮುಂದಿನ ನಾಲ್ಕು ಪಟ್ಟೆಗಳು ಅಲ್ಲಿದ್ದವು, ಒಂದರ ಮೇಲೊಂದು. ನನ್ನ ದಾರಿ ಅಡ್ಡಡ್ಡ ಮಲಗಿ ಲಾರಿಗೆ ಕಾಯುತ್ತಿತ್ತು.

ಕೆಲವು ತಿಂಗಳ ನಂತರ ಮತ್ತೆ ಹೋದೆ. ದಾರಿ ತೋರಿಸುವ ಮರಗಳೆಲ್ಲ ಹೋದದ್ದರಿಂದ ಅಲ್ಲಲ್ಲಿ ಹೊಸ ಕಂಬ ನೆಟ್ಟಿದ್ದರು. ಒಂದರ ಮೈಮೇಲೆ ಹಳೆಯ ಪಟ್ಟೆಯ ಅರ್ಧ ಭಾಗ ಇನ್ನೂ ಉಳಿದಿತ್ತು, ಅದರ ಮೇಲೆಯೇ ಹೊಸ ಬಾಣ. ಹಳೆಯ ಪರಿಚಯದವನೇ. ಎತ್ತರ ಸೊಂಟದವರೆಗೆ ಇಳಿದಿದೆ, ಬೇರಿಲ್ಲ, ಎಲೆಯಿಲ್ಲ. ಆದರೂ ಹಳೆಯ ಜಾಗದಲ್ಲೇ ಕೆಲಸ ಸಿಕ್ಕಿದೆ, ಅನುಕಂಪದ ಆಧಾರದ ಮೇಲೆ.